ಮೈಸೂರು ಬಸ್ಸನ್ನು ನಾವು ಉಳಿಸಿಕೊಂಡದ್ದು

ಕೆಟ್ಟ ಬುದ್ಧಿಯಿಂದ ಕೆಲಸ ಕೆಡಿಸಿದವನಿಗೆ ಪಶ್ಚಾತ್ತಾಪ ಪಡುವ ಸೌಕರ್ಯವಾದರೂ ಇರುತ್ತದೆ. ಒಳ್ಳೆಯ ಬುದ್ಧಿಯಿಂದ, ಹತ್ತು ಜನರನ್ನು ಕಟ್ಟಿಕೊಂಡು, ದುಂಡಗಿನ ಅಕ್ಷರದಲ್ಲಿ ಅರ್ಜಿ ಬರೆದು ಕೆಡಿಸಿದವನಿಗೆ ಅದೂ ಇಲ್ಲ. ಅವನಿಗೆ ಊರಿನವರು ಹಾರ ಹಾಕುತ್ತಾರೆ. ನನಗೂ ಹಾಕಿದರು. ನಾನು ಬೇಡವೆನ್ನಲಿಲ್ಲ. ಸೇವಂತಿಗೆ ಹಾರ, ನಡುನಡುವೆ ಮರುಗ ಕಟ್ಟಿದ್ದರು. ಅದನ್ನು ಕೊರಳಿಗೆ ಹಾಕಿಸಿಕೊಳ್ಳುವಾಗ ನನ್ನ ಹೆಂಡತಿ ಗಿರಿಜೆ ಜನರ ಹಿಂದೆ ನಿಂತು ನನ್ನನ್ನು ನೋಡಿದ ರೀತಿಯನ್ನು ನೆನೆಸಿಕೊಂಡರೆ ಈಗಲೂ ಕತ್ತಿನ ಹಿಂಭಾಗ ಕೊಂಚ ತುರಿಸುತ್ತದೆ.

ಎಪ್ಪತ್ತರ ದಶಕದಲ್ಲಿ ನಾನು ಅಜ್ಜಂಪುರದ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದೆ. ಆಗ ನಮ್ಮೂರಿನಿಂದ ದಿನವೂ ಬೆಳಿಗ್ಗೆ ಆರೂವರೆಗೆ ಒಂದು ಖಾಸಗಿ ಬಸ್ಸು ಮೈಸೂರಿಗೆ ಹೊರಡುತ್ತಿತ್ತು. ತರೀಕೆರೆ, ಬೀರೂರು, ಕಡೂರು, ಅರಸೀಕೆರೆ, ಹಾಸನ, ಹೊಳೆನರಸೀಪುರ ಎಂದು ಎಲ್ಲರ ಯೋಗಕ್ಷೇಮ ವಿಚಾರಿಸಿಕೊಂಡು ಮಧ್ಯಾಹ್ನ ಮೀರಿದ ಮೇಲೆ ಮೈಸೂರು ಮುಟ್ಟುತ್ತಿತ್ತು. ತರೀಕೆರೆಯವರು ತಾಲ್ಲೂಕು ಕಚೇರಿ ತಮ್ಮಲ್ಲಿದೆ ಎಂದು ಬೀಗಿದರೆ, ‘ನಿಮ್ಮೂರಿಂದ ಮೈಸೂರಿಗೆ ಬಸ್ಸು ಹೊರಡ್ತದಾ?’ ಎಂದು ನಾವು ಅವರ ಬಾಯಿ ಮುಚ್ಚಿಸುತ್ತಿದ್ದೆವು. ಬಸ್ಸು ಅವರ ಊರಿನ ಮೇಲೇ ಹೋಗುತ್ತಿತ್ತು, ಆದರೆ ಹೊರಡುತ್ತಿದ್ದದ್ದು ನಮ್ಮಲ್ಲಿಂದ.

ನನ್ನ ಮದುವೆ ಆದದ್ದೂ ಆ ಬಸ್ಸಿನಿಂದಲೇ. ಮಾವನವರು ಹೊಳೆನರಸೀಪುರದವರು. ಹುಡುಗನನ್ನು ನೋಡಲು ಬಂದವರು ನನ್ನ ವಿಷಯವಾಗಿ ಒಂದೇ ಪ್ರಶ್ನೆ ಕೇಳಿದರು, ಬಸ್ಸಿನ ವಿಷಯವಾಗಿ ನಾಲ್ಕು ಕೇಳಿದರು. ದಿನಾ ಬರುತ್ತದೆಯೇ, ಹೊತ್ತಿಗೆ ಬರುತ್ತದೆಯೇ, ಕಂಡಕ್ಟರು ಮರ್ಯಾದಸ್ಥನೇ, ನಡುವೆ ಇಳಿದು ಹತ್ತುವುದೇನಾದರೂ ಇದೆಯೇ. ನಡುವೆ ಇಳಿಯುವಂತಿಲ್ಲ ಎಂದು ತಿಳಿದ ಮೇಲೆ ‘ಹಾಗಾದ್ರೆ ಆಗಬಹುದು’ ಎಂದರು. ಆಗಬಹುದು ಎಂದದ್ದು ನನಗೋ ಬಸ್ಸಿಗೋ ಎಂದು ನಾನು ಕೆದಕಲು ಹೋಗಲಿಲ್ಲ. ನಮ್ಮೂರಿಗೆ ರೈಲೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ರೈಲಿನಲ್ಲಿ ಹೋದರೆ ಅರಸೀಕೆರೆಯಲ್ಲಿ ಮಕ್ಕಳು, ಟ್ರಂಕು, ಹಪ್ಪಳದ ಡಬ್ಬಿ ಸಮೇತ ಇಳಿದು ಇನ್ನೊಂದು ರೈಲಿನ ದಾರಿ ಕಾಯಬೇಕು. ಬಸ್ಸಿನಲ್ಲಿ ಆ ಪಾಡಿರಲಿಲ್ಲ.

ಕಂಡಕ್ಟರು ಸಿದ್ದಪ್ಪ ಮರ್ಯಾದಸ್ಥ ಮಾತ್ರವಲ್ಲ, ನಮ್ಮ ಮನೆಯ ಒಬ್ಬ ಹಿರಿಯನಂತೆಯೇ ಇದ್ದ. ಗಿರಿಜೆ ಮಕ್ಕಳೊಂದಿಗೆ ತವರಿಗೆ ಹೊರಟರೆ ನಾನು ಸ್ಟ್ಯಾಂಡಿನ ತನಕ ಹೋದರೆ ಸಾಕಿತ್ತು. ಹೊಳೆನರಸೀಪುರದಲ್ಲಿ ಅವಳನ್ನು ಇಳಿಸಿ, ಅವಳ ತಮ್ಮ ಬಂದಿದ್ದಾನೆಯೇ ನೋಡಿ, ಬಂದಿರದಿದ್ದರೆ ಅವನು ಬರುವ ತನಕ ಸಿದ್ದಪ್ಪ ಬಸ್ಸನ್ನೇ ನಿಲ್ಲಿಸಿಕೊಳ್ಳುತ್ತಿದ್ದ. ಅತ್ತೆಯವರ ಮಾವಿನ ಮಿಡಿ ಉಪ್ಪಿನಕಾಯಿ ಬರುತ್ತಿದ್ದದ್ದು ಅವನ ಸೀಟಿನ ಕೆಳಗೆ. ಮೊದಲ ಮಗಳು ತವರಿನಲ್ಲಿ ಹುಟ್ಟಿದಾಗ ಸುದ್ದಿ ತಂದವನೂ ಅವನೇ. ಸಂತೋಷ ತಡೆಯಲಾರದ ಮನುಷ್ಯ. ಹೀಗಾಗಿ ಹಾಸನ, ಅರಸೀಕೆರೆ, ಕಡೂರು, ತರೀಕೆರೆಗಳ ಬಸ್ ಸ್ಟ್ಯಾಂಡುಗಳಿಗೆಲ್ಲ ತಿಳಿದಾದ ಮೇಲೆ ನಾನು ತಂದೆಯಾದದ್ದು ನನಗೆ ತಿಳಿಯಿತು.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಸಿದ್ದಪ್ಪನ ಮುಖ ಇಳಿಯತೊಡಗಿತು. ಜನ ಬೀರೂರಿನಲ್ಲಿ ಇಳಿದು ರೈಲು ಹಿಡಿಯುತ್ತಿದ್ದರು. ಹೆದ್ದಾರಿಯಲ್ಲಿ ಓಡುವ ದೊಡ್ಡ ಬಸ್ಸುಗಳು ಹೆಚ್ಚಾಗಿದ್ದವು. ಒಂದು ಬೆಳಿಗ್ಗೆ ಅವನು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: “ಮೇಷ್ಟ್ರೇ, ಕಡೂರು ದಾಟಿದ್ಮೇಲೆ ಬಸ್ನಾಗೆ ನಾನೂ ಡ್ರೈವರ್ರೂ ಇಬ್ರೇ ಮಾತಾಡ್ಕೊಂಡು ಹೋಗ್ತೀವಿ ಕಣ್ರೀ. ಈಗೀಗ ಮಾತೂ ಮುಗ್ದೋಗೈತೆ. ಧಣಿಗಳು ನಿಲ್ಲಿಸ್ಬಿಡ್ತೀನಿ ಅಂತಾವ್ರೆ.”

ಮನೆಗೆ ಬಂದು ಹೇಳಿದೆ. ಗಿರಿಜೆ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. ಅವಳ ತಾಯಿಗೆ ಆಗ ಕಣ್ಣು ಮಂಜಾಗುತ್ತಿತ್ತು, ಎರಡು ತಿಂಗಳಿಗೊಮ್ಮೆಯಾದರೂ ಇವಳು ಹೋಗಿ ಬರಬೇಕಾಗಿತ್ತು. “ಊರಲ್ಲಿ ಎಲ್ಲರ ಅರ್ಜಿನೂ ಬರೀತೀರಿ. ಇದಕ್ಕೊಂದು ಬರೀರಿ” ಎಂದಳು. ಅಷ್ಟೇ ಹೇಳಿದ್ದು. ನಾನು ಆ ಭಾನುವಾರವೆಲ್ಲ ಕೂತು ನಾಲ್ಕು ಪುಟ ಬರೆದೆ. ಬಸ್ಸನ್ನು ನರನಾಡಿ ಎಂದೆ, ಸೇತುವೆ ಎಂದೆ, ಮೂರನೆಯ ಪುಟದಲ್ಲಿ ಕಾಮಧೇನು ಎಂದೆ. ಊರೆಲ್ಲ ಸುತ್ತಿ ಸಹಿ ಹಾಕಿಸಿದೆ. ತೆಂಗಿನಕಾಯಿ ಮಂಡಿಯ ಮಲ್ಲಪ್ಪನವರು ಎಲ್ಲರಿಗಿಂತ ಮೇಲೆ, ಎಲ್ಲರಿಗಿಂತ ದೊಡ್ಡದಾಗಿ ಸಹಿ ಹಾಕಿದರು. ಹತ್ತು ದಿನದಲ್ಲಿ ಧಣಿಗಳಿಂದ ಉತ್ತರ ಬಂತು. ಮುಂದಿನ ಸೋಮವಾರ ತಮ್ಮ ಮ್ಯಾನೇಜರು ಖುದ್ದಾಗಿ ಅಜ್ಜಂಪುರದಿಂದ ಆ ಬಸ್ಸಿನಲ್ಲಿ ಪ್ರಯಾಣ ಮಾಡಿ ಜನರ ಬೇಡಿಕೆಯನ್ನು ಕಣ್ಣಾರೆ ನೋಡುತ್ತಾರೆ, ಆಮೇಲೆ ತೀರ್ಮಾನ.

ಮಲ್ಲಪ್ಪನವರ ಮಂಡಿಯಲ್ಲಿ ಸಭೆ ಸೇರಿತು. “ಅದೇನ್ ಮಹಾ ಬಿಡಿ ಮೇಷ್ಟ್ರೇ. ಅವತ್ತು ಬಸ್ನ ತುಂಬಿಸ್ಬಿಡೋಣ” ಎಂದರು ಮಲ್ಲಪ್ಪ. ನನಗೂ ಅದು ಮಹಾ ಎನ್ನಿಸಲಿಲ್ಲ. ನಾಲ್ಕು ದಿನ ಶಾಲೆ ಬಿಟ್ಟ ಮೇಲೆ ಸೈಕಲ್ಲಿನಲ್ಲಿ ಸುತ್ತಿದೆ. ಯಾರಿಗೆ ಎಲ್ಲಿ ಏನು ಕೆಲಸವಿದ್ದರೂ ಅದನ್ನು ಸೋಮವಾರಕ್ಕೆ ಇಟ್ಟುಕೊಳ್ಳಿ, ಆ ಬಸ್ಸಿಗೇ ಬನ್ನಿ ಎಂದು ಮನೆಮನೆಗೆ ಹೇಳಿದೆ. ಗಿರಿಜೆ ಮಕ್ಕಳೊಂದಿಗೆ ಅಂದೇ ತವರಿಗೆ ಹೊರಡುವುದೆಂದೂ, ನಾನು ರಜೆ ಹಾಕಿ ಜೊತೆಗಿರುವುದೆಂದೂ ಆಯಿತು.

ಸೋಮವಾರದ ಬೆಳಿಗ್ಗೆ ಸ್ಟ್ಯಾಂಡು ನೋಡಿ ನನ್ನ ಎದೆ ತುಂಬಿತು. ಖಾತೆ ಬದಲಾವಣೆಗೆ ಹೋಗುವವರು, ಪಹಣಿ ನಕಲಿಗೆ ಹೋಗುವವರು, ಹಲ್ಲು ಕೀಳಿಸುವವರು, ಮಗಳ ಮನೆಗೆ ಹೋಗುವವರು, ಏನೂ ಕೆಲಸವಿಲ್ಲದೆ ಊರಿನ ಅಭಿಮಾನದಿಂದ ಬಂದವರು. ಮಲ್ಲಪ್ಪನವರು ರೇಷ್ಮೆ ಶಲ್ಯ ಹೊದ್ದು ಬಂದಿದ್ದರು. ಮ್ಯಾನೇಜರು ಸಣ್ಣ ವಯಸ್ಸಿನವರು, ಕನ್ನಡಕ, ಕೈಯಲ್ಲೊಂದು ನೋಟ್ ಪುಸ್ತಕ. ಬಸ್ಸು ಹೊರಡುವ ಮುಂಚೆಯೇ ತಮ್ಮ ಸೀಟನ್ನು ಪುಟ್ಟಮ್ಮನೆಂಬ ಮುದುಕಿಗೆ ಬಿಟ್ಟುಕೊಟ್ಟು, ಕಂಬಿ ಹಿಡಿದು ನಿಂತರು. ಸಿದ್ದಪ್ಪ ಬಾಗಿಲಿನಿಂದ ಒಳಕ್ಕೆ ಬರಲಾಗದೆ ಅಲ್ಲಿಂದಲೇ ಟಿಕೀಟು ಕೊಟ್ಟು ಕಳಿಸುತ್ತಿದ್ದ, ಅದು ಕೈಯಿಂದ ಕೈಗೆ ಹೋಗಿ ಮುಟ್ಟುತ್ತಿತ್ತು.

“ನೋಡಿ ಸಾರ್, ದಿನಾ ಹಿಂಗೇ” ಎಂದರು ಮಲ್ಲಪ್ಪ.

ಪುಟ್ಟಮ್ಮ ಮ್ಯಾನೇಜರ ತೋಳು ಹಿಡಿದು ಎಳೆದಳು. “ಲೋ ಮಗ, ಈ ಬಸ್ಸು ಎಲ್ಲಿಗೋಯ್ತದೆ?”

“ಮೈಸೂರಿಗೆ ಅಜ್ಜಿ. ನೀವೆಲ್ಲಿಗೆ?”

“ನಂಗೇನು ಗೊತ್ತು. ಮೇಷ್ಟ್ರು ಹತ್ಕೊ ಅಂದ್ರು, ಹತ್ಕೊಂಡೆ.”

ನಾನು ಕಿಟಕಿಯ ಹೊರಗೆ ಜೋಳದ ಹೊಲ ನೋಡಿದೆ. ಮ್ಯಾನೇಜರು ನಕ್ಕರು, ನೋಟ್ ಪುಸ್ತಕದಲ್ಲಿ ಏನನ್ನೋ ಬರೆದುಕೊಂಡರು. ಒಟ್ಟಿನಲ್ಲಿ ಮನುಷ್ಯ ಸಂತೋಷದಲ್ಲಿದ್ದರು. ‘ಇಷ್ಟು ಜನ ಇರುವಾಗ ನಿಲ್ಲಿಸೋದುಂಟೇ’ ಎಂದು ಅವರು ತಮ್ಮಷ್ಟಕ್ಕೆ ಹೇಳಿಕೊಂಡದ್ದನ್ನು ನಾನು ಕೇಳಿಸಿಕೊಂಡು ಗಿರಿಜೆಯ ಕಡೆ ಗೆದ್ದವನಂತೆ ನೋಡಿದೆ.

ತರೀಕೆರೆ ಬಂತು. ಬಸ್ಸು ನಿಂತಿತು. ಮಲ್ಲಪ್ಪನವರು ಶಲ್ಯ ಸರಿಮಾಡಿಕೊಂಡು, “ಬತ್ತೀನಿ ಸಾರ್, ಬಸ್ ಮಾತ್ರ ನಿಲ್ಲಿಸ್ಬೇಡಿ” ಎಂದು ಮ್ಯಾನೇಜರಿಗೆ ಕೈ ಮುಗಿದು ಇಳಿದರು. ಅವರ ಹಿಂದೆ ಖಾತೆಯವರು ಇಳಿದರು. ಪಹಣಿಯವರು ಇಳಿದರು. ಹಲ್ಲಿನವರು ದವಡೆ ಹಿಡಿದುಕೊಂಡು ಇಳಿದರು. ಪ್ರತಿಯೊಬ್ಬರೂ ಮ್ಯಾನೇಜರಿಗೆ ನಮಸ್ಕಾರ ಮಾಡಿ, ಬಸ್ಸು ನಿಲ್ಲಿಸಬೇಡಿ ಎಂದು ಹೇಳಿಯೇ ಇಳಿದರು. ಪುಟ್ಟಮ್ಮನನ್ನು ಇಬ್ಬರು ಎತ್ತಿ ಇಳಿಸಿದರು. ತಾಲ್ಲೂಕಿನ ಕೆಲಸವೆಲ್ಲ ತರೀಕೆರೆಯಲ್ಲಿ, ಆಸ್ಪತ್ರೆ ತರೀಕೆರೆಯಲ್ಲಿ. ಸೋಮವಾರಕ್ಕೆ ಕೆಲಸ ಇಟ್ಟುಕೊಳ್ಳಿ ಎಂದಿದ್ದೆನೇ ಹೊರತು, ಎಲ್ಲಿಯ ಕೆಲಸ ಎಂದು ನಾನು ಹೇಳಿರಲಿಲ್ಲ.

ಬಸ್ಸಿನಲ್ಲಿ ನಾವು ನಾಲ್ವರು, ಮ್ಯಾನೇಜರು, ಸಿದ್ದಪ್ಪ, ಡ್ರೈವರು ಉಳಿದೆವು. ತರೀಕೆರೆಯಲ್ಲಿ ಹತ್ತಿದ ಮೂರು ಜನ ಬೀರೂರಿಗೆ ಟಿಕೀಟು ತೆಗೆದುಕೊಂಡರು. ಸಿದ್ದಪ್ಪ ಯಾರ ಮುಖವನ್ನೂ ನೋಡದೆ ಚಿಲ್ಲರೆ ಚೀಲದ ಗುಂಡಿ ಹಾಕುತ್ತ ತೆಗೆಯುತ್ತ ಕೂತ. ಮ್ಯಾನೇಜರು ನನ್ನ ಪಕ್ಕಕ್ಕೆ ಬಂದು ಕೂತರು. ಈಗ ಎಲ್ಲಿ ಬೇಕಾದರೂ ಕೂರಬಹುದಾಗಿತ್ತು.

“ಎಲ್ಲರಿಗೂ ತರೀಕೆರೆಯಲ್ಲೇ ಕೆಲಸವಾ ಮೇಷ್ಟ್ರೇ?”

“ಇವತ್ತು ಹಾಗಾಗಿದೆ” ಎಂದೆ.

“ತಾವು?”

ಗಿರಿಜೆಯೇ ಉತ್ತರ ಕೊಟ್ಟಳು. ಹೊಳೆನರಸೀಪುರಕ್ಕೆಂದು, ತಾಯಿಯ ಕಣ್ಣಿನ ವಿಷಯವೆಂದು, ಸಿದ್ದಪ್ಪನಿರುವುದರಿಂದಲೇ ತಾನು ಒಬ್ಬಳೇ ಓಡಾಡುತ್ತಿರುವುದೆಂದು, ಅರ್ಜಿಯ ನಾಲ್ಕು ಪುಟದಲ್ಲಿ ಇಲ್ಲದ ಮಾತುಗಳನ್ನು ನಾಲ್ಕು ನಿಮಿಷದಲ್ಲಿ ಹೇಳಿದಳು. ಮ್ಯಾನೇಜರು ಕನ್ನಡಕ ತೆಗೆದು ಒರೆಸಿಕೊಂಡರು. “ನಿಮ್ಮಂಥವರು ಇನ್ನೊಂದು ಇಪ್ಪತ್ತು ಜನ ಇದ್ದಿದ್ದರೆ ನಾನೇ ಧಣಿಗಳ ಕಾಲು ಹಿಡೀತಿದ್ದೆ ತಾಯಿ” ಎಂದರು. ಅದು ಬರಿಯ ಉಪಚಾರದ ಮಾತಲ್ಲ, ನಿಜವಾಗಿಯೇ ಹೇಳಿದರು.

ಹದಿನೈದು ದಿನಕ್ಕೆ ಆದೇಶ ಬಂತು. ಅಜ್ಜಂಪುರ ಮತ್ತು ತರೀಕೆರೆಯ ನಡುವೆ ಜನರ ಅಪಾರ ಬೇಡಿಕೆಯನ್ನು ಕಣ್ಣಾರೆ ಕಂಡಿದ್ದರಿಂದ, ಮೈಸೂರು ಬಸ್ಸನ್ನು ಇನ್ನು ಮುಂದೆ ಈ ಎರಡು ಊರುಗಳ ನಡುವೆಯೇ ದಿನಕ್ಕೆ ನಾಲ್ಕು ಬಾರಿ ಓಡಿಸಲಾಗುವುದು. ಊರಿಗೆ ಹಬ್ಬ. ಒಂದು ಇದ್ದದ್ದು ನಾಲ್ಕಾಯಿತಲ್ಲ. ಬಸ್ಸಿಗೆ ಮಾವಿನ ತೋರಣ ಕಟ್ಟಿದರು, ಮಲ್ಲಪ್ಪನವರು ತೆಂಗಿನಕಾಯಿ ಒಡೆದು, ಬಸ್ಸಿಗೊಂದು ನನಗೊಂದು ಹಾರ ಹಾಕಿ, “ಮೇಷ್ಟ್ರು ಬರೆದ್ರೆ ಸರಿ, ಕೆಲ್ಸ ಆದಂಗೇಯ” ಎಂದು ಭಾಷಣ ಮಾಡಿದರು. ಸಿದ್ದಪ್ಪನ ಕೆಲಸ ಉಳಿಯಿತು. ಸಂಜೆಯ ಹೊತ್ತಿಗೆ ಮನೆ ಸೇರುವಂತಾಯಿತು ಎಂದು ಅವನ ಹೆಂಡತಿ ನನಗೆ ಎರಡು ಕುಂಬಳಕಾಯಿ ಕಳಿಸಿದಳು.

ಗಿರಿಜೆಯ ಮುಂದಿನ ಪ್ರಯಾಣಕ್ಕೆ, ಅಪರಾಧ ಮಾಡಿದವನಾದ್ದರಿಂದ, ನಾನು ಜೊತೆಗೆ ಹೊರಟೆ. ಕಡೂರಿನಲ್ಲಿ ಬಸ್ಸು ಬದಲಿಸುವಾಗ ನಮ್ಮ ಟ್ರಂಕನ್ನು ಚಿಕ್ಕಮಗಳೂರಿನ ಬಸ್ಸಿಗೆ ಏರಿಸಿದೆ. ಅವಳು ಇಳಿಸಿದಳು. ಅರಸೀಕೆರೆಯಲ್ಲಿ ನಾನು ಬಾಳೆಹಣ್ಣು ತರಲು ಹೋಗಿ ಬರುವಷ್ಟರಲ್ಲಿ ಅವಳು ಹಾಸನದ ಬಸ್ಸು ವಿಚಾರಿಸಿ, ಜಾಗ ಹಿಡಿದು, ಮಕ್ಕಳನ್ನು ಕೂರಿಸಿ, ನನ್ನನ್ನು ಕರೆಯುವುದಕ್ಕೆ ಡ್ರೈವರಿಗೆ ಹೇಳಿ ಹಾರನ್ ಹೊಡೆಸುತ್ತಿದ್ದಳು. ಅದಾದ ಮೇಲೆ, “ನೀವು ಬೇಡ. ನನಗೆ ಮಕ್ಕಳಿಬ್ಬರನ್ನ ನೋಡಿಕೊಂಡರೆ ಸಾಕು” ಎಂದು ಒಬ್ಬಳೇ ಹೋಗತೊಡಗಿದಳು. ತಾಯಿಯ ಕಣ್ಣಿನ ಆಪರೇಶನ್ನಿಗೂ ಹಾಗೆಯೇ ನಾಲ್ಕೈದು ಬಸ್ಸು ಹಿಡಿದು ಹೋಗಿ, ತಾಯಿಯನ್ನು ಹಾಸನಕ್ಕೆ ಕರೆದೊಯ್ದು, ಕಣ್ಣು ಕಾಣಿಸುವಂತೆ ಮಾಡಿಸಿಕೊಂಡು ಬಂದಳು.

ಒಂದು ವರ್ಷ ಕಳೆದಿರಬಹುದು. ಒಂದು ಭಾನುವಾರ ಚೌಳಹಿರಿಯೂರಿನಿಂದ ಮೂರು ಜನ ನಮ್ಮ ಮನೆಗೆ ಬಂದರು. ತಮ್ಮೂರ ಮೇಲೆ ಬಳ್ಳಾರಿಗೆ ಹೋಗುವ ಬಸ್ಸನ್ನು ನಿಲ್ಲಿಸುತ್ತಾರಂತೆ, ನಾನು ಅರ್ಜಿ ಬರೆದುಕೊಡಬೇಕಂತೆ. “ನಿಮ್ಮ ಕೈಗುಣ ಎಲ್ಲಾ ಕಡೆ ಗೊತ್ತೈತೆ ಕಣ್ರೀ” ಎಂದರು. ನಿಜ ಹೇಳಿಬಿಡಬೇಕು ಎಂದುಕೊಂಡೇ ನಾನು ಪೆನ್ನಿಗೆ ಶಾಯಿ ತುಂಬಿಸಿದೆ.

ಕಾಫಿ ತಂದಿಟ್ಟ ಗಿರಿಜೆ ಅವರನ್ನು ಕೇಳಿದಳು: “ಆ ಬಸ್ಸಲ್ಲಿ ನೀವು ಬಳ್ಳಾರಿಗೆ ಹೋಗಿದ್ದೀರಾ?”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಒಬ್ಬಾತ, “ನಾವ್ಯಾಕೆ ಹೋಗಾನ ತಾಯಿ, ನಮ್ಗೇನೈತೆ ಅಲ್ಲಿ. ಇಲ್ಲೇ ಪಕ್ಕದ ಹೊಸದುರ್ಗಕ್ಕೆ ಹೋಗಿವ್ನಿ” ಎಂದ.

ನಾನು ಗಟ್ಟಿಯಾಗಿ ನಗಲು ಬಾಯಿ ತೆರೆದೆ. ಗಿರಿಜೆ ನನ್ನ ಕಡೆ ತಿರುಗಿ, ತೀರ ಸಹಜವಾಗಿ, “ನೀವು ಮೈಸೂರಿಗೆ ಹೋಗಿದ್ರಾ?” ಎಂದಳು.

ಹನ್ನೆರಡು ವರ್ಷ. ದಿನ ಬೆಳಗಾದರೆ ಆ ಬಸ್ಸು ನನ್ನ ಮನೆಯ ಮುಂದೆಯೇ ಹೋಗುತ್ತಿತ್ತು. ಎಷ್ಟು ಯೋಚಿಸಿದರೂ ಬೀರೂರು, ಕಡೂರು, ಬಹಳವೆಂದರೆ ಮಾವನ ಮನೆ. ಅದರ ಮುಂದೆ ದಾರಿ ಎಡಕ್ಕೆ ತಿರುಗುತ್ತದೆಯೋ ಬಲಕ್ಕೋ ನನಗೆ ಗೊತ್ತಿರಲಿಲ್ಲ. ತೆರೆದ ಬಾಯಿಗೆ ಕಾಫಿ ಸುರಿದುಕೊಂಡು, ತಲೆ ಬಗ್ಗಿಸಿ, ಚೌಳಹಿರಿಯೂರಿನ ಸಮಸ್ತ ಜನತೆಗೂ ಬಳ್ಳಾರಿಗೂ ಇರುವ ಬಿಡಿಸಲಾಗದ ನಂಟಿನ ಬಗ್ಗೆ ನಾಲ್ಕು ಪುಟ ಬರೆದುಕೊಟ್ಟೆ.