ಚಕ್ಕಡಿಯ ನಾಲ್ಕನೆಯವರು

"ಈ ತಿಂಗಳು ಮುಗಿಯೂದ್ರೊಳಗ ಹಿರೇ ಗುಮಾಸ್ತನ ಗಾದಿ ಮ್ಯಾಲ ಕುಂದರ್ಲಿಲ್ಲಂದ್ರ ನನ್ನ ಹೆಸರು ಪರಮೇಶ್ವರಪ್ಪನ ಅಲ್ಲ!" ಎಂದು ನಾನು ಮೀಸೆ ತಿರುವಿ ಸಾರಿದ್ದು ಅಡಿಗೆಮನೆಯಲ್ಲಿ. ಕೇಳಿದವರು ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ದಾನವ್ವ ಮತ್ತು ಒಂದು ಬೆಕ್ಕು. ಬೆಕ್ಕು ಎದ್ದು ಹೋಯಿತು.

ಯುದ್ಧದ ಕಾಲ, ಮೇವು ತುಟ್ಟಿ. ಆದರೂ ಹಿರೇಕೆರೂರಿನ ನಮ್ಮ ಹತ್ತಿ ಗಿರಣಿಗೆ ಹಳ್ಳಿಗಳಿಂದ ಗುಮಾಸ್ತರೆಲ್ಲ ಒಬ್ಬೊಬ್ಬರೇ ಒಂದೊಂದು ಚಕ್ಕಡಿ ಹೂಡಿಕೊಂಡು ಪಾಳೇಗಾರರಂತೆ ಬರುತ್ತಿದ್ದೆವು! ನಮ್ಮ ಚಕ್ಕಡಿಗಳೇ ಅಂಗಳ ತುಂಬಿ, ಹತ್ತಿ ತಂದ ರೈತರು ಹೊರಗೆ ನಿಲ್ಲುತ್ತಿದ್ದರು. ಸಾಹುಕಾರ ಮೈಲಾರಲಿಂಗಪ್ಪನವರು ಸಿಟ್ಟಿಗೆದ್ದು ಹುಕುಂ ಹೊರಡಿಸಿದರು: "ನಾಕ ಮಂದಿ ಕೂಡಿ ಬಂದ ಚಕ್ಕಡಿಗಷ್ಟ ಬಾಗಲಾ ತೆಗೀರಿ. ತಿಂಗಳಾ ಪೂರ್ತಿ ತಪ್ಪದಂಗ ತುಂಬಿ ಬಂದ ಚಕ್ಕಡಿಯಾಗಿನ ಒಬ್ಬಾಂವಗ ಹಿರೇ ಗುಮಾಸ್ತನ ಗಾದಿ!"

"ಗಾದಿ ಆಮ್ಯಾಲ ಇರ್ಲಿ. ನಿಮ್ಮ ಜೋಡಿ ಕುಂದ್ರಾವ್ರು ಯಾರ್ರೀ?" ಎಂದಳು ದಾನವ್ವ. "ನೀವು ಬಾಯಿ ತೆಗದ್ರ ಎತ್ತಿಗೂ ಜೋಂಪು ಹತ್ತತೈತಿ."

ಊರೆಲ್ಲ ಕೈ ಮುಗಿದರೂ ಒಪ್ಪಿದವರು ಇಬ್ಬರೇ. ಒಬ್ಬ ಹತ್ತಿ ತೂಗುವ ನಾಗಪ್ಪ, ಚಕ್ಕಡಿ ಅಲುಗಿದೊಡನೆ ನಿದ್ದೆ ಹೋಗುವವನು. ಇನ್ನೊಬ್ಬ ಮಿಸ್ತ್ರಿ ಇಸಾಕ, ಗಿರಣಿಯ ಎಂಜಿನ್ ಸದ್ದಿಗೆ ಕಿವಿ ಮಂದವಾದವನು. ಒಪ್ಪಿದ ಕಾರಣ ಈಗ ತಿಳಿಯಿತಲ್ಲ!

ಮೊದಲ ದಿನವೇ ನಾಗಪ್ಪ ಚಕ್ಕಡಿಗೆ ಒಂದು ಕಾಲಿಟ್ಟು ನಿಂತುಬಿಟ್ಟ. "ಮೂರ ಮಂದಿ ಕೂಡಿ ಹೊಂಡಬಾರದ್ರೀ, ಹೋದ ಕೆಲಸ ಕೆಡತೈತಿ. ಒಂದ ಕಲ್ಲರೆ ಜೋಡಿ ಇಟ್ಕೊಳ್ಳೂಣು."

ಮೂವರೇ ಹೊರಟರೆ ನಾಲ್ಕನೆಯವನೆಂದು ಒಂದು ಕಲ್ಲನ್ನು ಒಯ್ಯುವುದು ನಮ್ಮಲ್ಲಿ ರೂಢಿ. ಎಲ್ಲರೂ ಒಂದು ಹರಳನ್ನು ಕಿಸೆಗೆ ಹಾಕುತ್ತಾರೆ. ನನ್ನ ಮಹಾಬುದ್ಧಿ ಅಷ್ಟಕ್ಕೆ ನಿಂತೀತೆ? ವಿಧಿಯನ್ನೇ ಮೋಸಗೊಳಿಸುವ ಕಲ್ಲಿಗೆ ಗಿರಣಿಯ ಕಾವಲುಗಾರ ಯಾವ ಲೆಕ್ಕ! ಮಂಜಿನಲ್ಲಿ ತಡಕಾಡಿ, ಸುಡುಗಾಡಿನ ಪಕ್ಕದ ಹುಣಸೆಮರದ ಬುಡದಿಂದ ಮೊಣಕಾಲೆತ್ತರದ ಕಲ್ಲನ್ನೇ ಉರುಳಿಸಿ ತಂದೆ. ಮೂವರೂ ಏದುಸಿರು ಬಿಟ್ಟು ಅದನ್ನು ಹಿಂದೆ ಕೂಡಿಸಿ, ನನ್ನ ಕಂಬಳಿ ಮುಸುಕು ಹಾಕಿದೆವು.

ಕಾವಲುಗಾರ ಫಕ್ಕೀರಪ್ಪ ಕಂದೀಲು ಎತ್ತಿ ಇಣುಕಿದ. "ಒಂದ, ಎರಡ, ಮೂರ, ನಾಕ. ಹೋಗ್ರಿ."

ನಾನು ಎದೆಯುಬ್ಬಿಸಿ ಒಳಗೆ ಹೋದೆ. ಆದರೆ ದಿನ ಕಳೆದಂತೆ ಒಂದು ವಿಚಿತ್ರ ಶುರುವಾಯಿತು. ಹುಣಸೆಮರ ಬಂದೊಡನೆ ಎತ್ತುಗಳು ತಾವಾಗಿಯೇ ನಿಲ್ಲುತ್ತಿದ್ದವು. ಯಾರೋ ಹತ್ತಿದಂತೆ ಚಕ್ಕಡಿಯ ಹಿಂಭಾಗ ತಗ್ಗುತ್ತಿತ್ತು. ಆಮೇಲೆ ಎತ್ತುಗಳು ಹೇಳದೆಯೇ ಹೊರಡುತ್ತಿದ್ದವು. ನಮ್ಮಲ್ಲಿ ಯಾರೂ ಬೀಡಿ ಸೇದುವವರಲ್ಲ, ಆದರೂ ತಂಬಾಕಿನ ವಾಸನೆ! ಒಂದು ಬೆಳಿಗ್ಗೆ ನಾನು ನನ್ನ ಮದುವೆಯ ಕಥೆ ಹೇಳುತ್ತಿದ್ದಾಗ ಹಿಂದಿನಿಂದ ಯಾರೋ "ಹೂಂ" ಎಂದರು.

ನಾಗಪ್ಪ ಗೊರಕೆ ಹೊಡೆಯುತ್ತಿದ್ದ. ಇಸಾಕನಿಗೆ ಕೇಳಿಸುವುದೇ ಇಲ್ಲ.

ಅಂದು ಸಂಜೆಯೇ ಕಲ್ಲನ್ನು ಹುಣಸೆಮರದ ಬುಡಕ್ಕೆ ಉರುಳಿಸಿ, ಕೈ ಮುಗಿದು ಓಡಿಬಂದೆ. ಬೆಳಗಾಗಿ ನೋಡಿದರೆ ಅದು ಕಂಬಳಿ ಹೊದ್ದು ಚಕ್ಕಡಿಯಲ್ಲಿ ಕೂತಿದೆ!

"ನೀ ತಂದಿಟ್ಟಿಯೇನು?" ಎಂದು ದಾನವ್ವನನ್ನು ಕೇಳಿದೆ.

"ನಿಮಗ ಹುಚ್ಚ ಹಿಡದೈತೇನ್ರಿ? ಮೂರ ಮಂದಿ ಎತ್ತಿದ ಕಲ್ಲ ನಾ ಹ್ಯಾಂಗ ಎತ್ತಲಿ?"

ಅಂದೇ ಬಿಟ್ಟುಬಿಡಬೇಕಿತ್ತು. ಆದರೆ ಗಾದಿ ನೆನಪಾಗುತ್ತಿತ್ತು, ಬಿಳಿ ಹೊದಿಕೆಯ, ಲೋಡು ಇಟ್ಟ ಗಾದಿ! ಹಿಂದಿರುಗಿ ನೋಡದೆ ಚಕ್ಕಡಿ ಹೊಡೆದೆ. ಹೆದರಿಕೆಗೆ ಮಾತು ಇನ್ನೂ ಹೆಚ್ಚಾಯಿತು. ಮಾತು ಮಾತಿಗೂ ಹಿಂದಿನಿಂದ "ಹೂಂ".

ಅಂತೂ ತಿಂಗಳು ತುಂಬಿತು. ಜರಿಯಂಚಿನ ರುಮಾಲು ಸುತ್ತಿಕೊಂಡು ಸಾಹುಕಾರರ ಮುಂದೆ ನಿಂತೆ.

"ನಿನ್ನ ಚಕ್ಕಡೀನ ಗೆದ್ದೈತಿ, ಪರಮೇಶ್ವರಪ್ಪ."

ನಾನು ಗಾದಿಯ ಕಡೆ ಒಂದು ಹೆಜ್ಜೆ ಇಟ್ಟೆ.

"ಹಿಂದ ಕುಂದರತಾರಲ್ಲ, ಆ ಹಿರ್ಯಾರನ್ನ ಕರಕೊಂಡ ಬಾ. ಒಂದಿನಾ ತಪ್ಪಿಸಿಲ್ಲ, ಒಂದ ಮಾತ ಆಡಿಲ್ಲ ಅಂತ ಫಕ್ಕೀರಪ್ಪ ಹೇಳ್ಯಾನ. ಗಾದಿಗೆ ಅಂಥಾ ಮನಶ್ಯಾನ ಬೇಕು."

"ಸಾಹುಕಾರ್ರ, ಅದು ಕಲ್ಲರೀ!"

"ಹೌದಪಾ, ಕಲ್ಲಿನಂಗ ಗಟ್ಟಿ ಇರಾವ್ರ ಬೇಕು!"

ತೋರಿಸಿಯೇ ಬಿಡುತ್ತೇನೆಂದು ಚಕ್ಕಡಿಗೆ ಓಡಿದೆ. ಕಂಬಳಿ ಇತ್ತು, ಕಲ್ಲು ಇರಲಿಲ್ಲ. ಕಂಬಳಿ ಮುಟ್ಟಿದರೆ ಬೆಚ್ಚಗಿತ್ತು. ಮರಳಿ ಬಂದಾಗ ಫಕ್ಕೀರಪ್ಪ ಗಾದಿಯ ಮುಂದೆ ಕೈಮುಗಿದು ನಿಂತಿದ್ದ. "ಅವರು ಆಗಳೆ ಬಂದ ಕುಂತಾರ್ರಿ," ಎಂದ. ಗಾದಿಯ ಮೇಲೆ ಯಾರೂ ಇರಲಿಲ್ಲ. ಆದರೆ ನಡುವೆ ಅದು ತಗ್ಗಿತ್ತು, ಲೋಡು ಒಂದು ಕಡೆ ಒತ್ತಿಹೋಗಿತ್ತು. ಅಂದಿನಿಂದ ಆ ಗಾದಿಯ ಮೇಲೆ ಕೂಡುವ ಧೈರ್ಯ ಯಾರೂ ಮಾಡಿಲ್ಲ, ನಾನು ಈಗಲೂ ನನ್ನ ಹಳೆಯ ಚಾಪೆಯ ಮೇಲೆಯೇ!

ಅಂದು ಸಂಜೆ ಎಲ್ಲವನ್ನೂ ದಾನವ್ವನಿಗೆ ಹೇಳಿದೆ. ಅವಳು ರೊಟ್ಟಿ ಮಗುಚಿದಳು.

"ತಿಂಗಳಾ ಪೂರ್ತಿ ನಿಮ್ಮ ಮಾತ ಕೇಳ್ಯಾರ! ಪಾಪ, ಅವರಿಗೆ ಬರೇ ಗಾದಿ ಎಲ್ಲಿ ಸಾಲತೈತ್ರಿ? ಗುಡೀನ ಕಟ್ಟಸಬೇಕು!"

"ಹೂಂ," ಎಂದರು ಬಾಗಿಲ ಹಿಂದಿನಿಂದ ಯಾರೋ.