ಅಮ್ಮನ ಕೈಯ ಚಾರೋ ಕಾಳು

ಸಿಂದೊ: ಲೇ ಮುದುಕಿ, ಆ ಸೊಪ್ಪು ಹಿಡ್ಕೊಂಡು ಮಡಕೆ ಹತ್ರ ಬಂದ್ಯೋ, ನೋಡು ಮತ್ತೆ!

ಒತೀಲಿಯಾ: ಎಪಸೋತೆ ಕಣೋ. ಒಂದೇ ಒಂದು ಕಡ್ಡಿ. ಹೊಟ್ಟೆ ಉಬ್ಬರಿಸದೆ ಇರ್ಲಿ ಅಂತ.

ಸಿಂದೊ: ಅದನ್ನ ನಿಮ್ಮ ವೆರಾಕ್ರೂಸ್‌ನ ಕರಿ ಕಾಳಿಗೆ ಹಾಕ್ಕೋ. ಇದು ಮೊಂತೆರೇ. ಇಲ್ಲಿ ಚಾರೋ ಕಾಳಿಗೆ ಸೊಪ್ಪು ಹಾಕಿದ್ರೆ ಬೀದೀಲಿ ತಲೆ ಎತ್ತಿ ಓಡಾಡೋಕಾಗಲ್ಲ.

ಒತೀಲಿಯಾ: ಮೂವತ್ತೊಂದು ವರ್ಷದಿಂದ ಅದೇ ಕರಿ ಕಾಳು ತಿಂದು ತಲೆ ಎತ್ಕೊಂಡೇ ಓಡಾಡ್ತಿದ್ದೀಯಲ್ಲ?

ಸಿಂದೊ: ವಾರದ ದಿನ ಬೇರೆ, ಭಾನುವಾರ ಬೇರೆ. ಭಾನುವಾರ ಅಂದ್ರೆ ಅಮ್ಮನ ಚಾರೋ ಕಾಳು. ಸುಮ್ನೆ ಆ ಕುರ್ಚೀಲಿ ಕೂತ್ಕೋ.

ಒತೀಲಿಯಾ ಕುರ್ಚಿ ಎಳೆದು ಕೂತು ಕೊತ್ತಂಬರಿ ಬಿಡಿಸತೊಡಗಿದಳು. ಅವಳ ಗಂಡ ಗುಮೆರ್ಸಿಂದೊ, ಮನೆಮಂದಿಗೆಲ್ಲ ಸಿಂದೊ, ಸಿಟಿ ಬಸ್ಸು ಓಡಿಸಿ ನಿವೃತ್ತನಾದವನು. ಅರವತ್ಮೂರು ವರ್ಷದಲ್ಲಿ ಒಲೆ ಹಚ್ಚಿದ್ದು ಇವತ್ತೇ ಮೊದಲು. ಎಲ್ಲಾ ಅವನ ಅಕ್ಕ ದೊಮಿತಿಲಾಳ ಕೃಪೆ. ಅವರಮ್ಮ ಪೆತ್ರಾ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಮುಂದಿನ ತಿಂಗಳು ವರ್ಷದ ಪೂಜೆ, ಆಮೇಲೆ ಬಂಧುಬಳಗಕ್ಕೆ ಊಟ. ಆ ಊಟಕ್ಕೆ ಅಮ್ಮನ ಚಾರೋ ಕಾಳು, ಅಂದರೆ ಮಾಂಸದ ಚೂರು ಹಾಕಿದ ಮೊಂತೆರೇ ಕಡೆಯ ಕಾಳಿನ ಸಾರು, ಅಮ್ಮನ ಮಣ್ಣಿನ ಮಡಕೆಯಲ್ಲೇ ಬೇಯಬೇಕು. ಊಟ ಯಾರ ಮನೆಯಲ್ಲೋ ಮಡಕೆ ಅವರ ಪಾಲು. ಇದರಲ್ಲಿ ಎರಡು ಮಾತಿಲ್ಲ.

ದೊಮಿತಿಲಾ ಸಾಲ್ತಿಯೊದಿಂದ ಫೋನ್ ಮಾಡಿ, "ನಿನ್ನ ಮನೇಲಿ ಅಮ್ಮನ ಕಾಳು ಮಾಡೋಕೆ ಯಾರಿಗೆ ಬರುತ್ತೆ? ಊಟ ನನ್ನ ಮನೇಲಿ. ಭಾನುವಾರ ಬಂದು ಮಡಕೆ ತಗೊಂಡು ಹೋಗ್ತೀನಿ" ಅಂದಿದ್ದಳು. ಸಿಂದೊಗೆ ಪಿತ್ತ ನೆತ್ತಿಗೇರಿತು. "ನಾನೇ ಮಾಡ್ತೀನಿ, ತಿಂದು ಆಮೇಲೆ ಮಾತಾಡು" ಎಂದು ಫೋನಿಟ್ಟುಬಿಟ್ಟ. ಗ್ಯಾಸ್ ಹಚ್ಚೋದು ಹೇಗೆ ಎಂದು ಹೆಂಡತಿಯನ್ನು ಕೇಳಿದ್ದು ಆಮೇಲೆ. ಆದರೂ ಅವನ ಸಂಕಟ ಸುಳ್ಳಲ್ಲ. ಅಮ್ಮ ಕೊನೆಯ ಹನ್ನೆರಡು ವರ್ಷ ಈ ಮನೆಯಲ್ಲಿದ್ದಳು, ಪಕ್ಕದ ಕೋಣೆಯಲ್ಲೇ ಕಣ್ಣು ಮುಚ್ಚಿದಳು. ಅವಳ ಊಟ ಬೇರೆ ಊರಲ್ಲಿ ಆಗುವುದನ್ನು ಅವನಿಂದ ಸಹಿಸಲಾಗುತ್ತಿರಲಿಲ್ಲ.

ಒತೀಲಿಯಾ: ಉಪ್ಪು ಯಾವಾಗ ಹಾಕ್ದೆ?

ಸಿಂದೊ: ಮೊದ್ಲೇ. ಟೊಮೇಟೊನೂ ಹಾಕ್ದೆ. ಒಂದೇ ಸಲ ಕೆಲಸ ಮುಗೀಲಿ ಅಂತ.

ಒತೀಲಿಯಾ: ಅಯ್ಯೋ ದೇವರೇ.

ಸಿಂದೊ: ಏನೀಗ?

ಒತೀಲಿಯಾ: ಏನಿಲ್ಲ. ಬಿಯರ್ ಎಷ್ಟು ಹಾಕ್ತೀಯ?

ಸಿಂದೊ: ಬಿಯರಾ! ಅಮ್ಮನ ಮಡಕೆಗೆ? ದಿನಾ ಎರಡು ಹೊತ್ತು ಜಪಮಾಲೆ ಹಿಡೀತಿದ್ದ ಹೆಂಗಸು ಕಣೇ ಅವಳು!

ಒತೀಲಿಯಾ: ಜಪಮಾಲೆ ಒಂದು ಕೈಯಲ್ಲಿ. ಅರ್ಧ ಬಾಟಲಿ ಮಡಕೆಗೆ.

ಸಿಂದೊ: ಇನ್ನರ್ಧ?

ಒತೀಲಿಯಾ: ಸತ್ತೋರ ಬಗ್ಗೆ ಯಾಕೆ ಬಿಡು.

ಸಿಂದೊ ಮಡಕೆಯೊಳಗೆ ಇಣುಕಿದ. ಬೇಕನ್ ಚೂರು, ಚೊರೀಸೊ ಸಾಸೇಜು, ಹಸಿಮೆಣಸು ಎಲ್ಲ ಮೇಲೆ ತೇಲಾಡುತ್ತಿದ್ದವು. ನೀರು ಮಾತ್ರ ಇಂಗುತ್ತಾ ಬಂದಿತ್ತು. ಅವನು ನಲ್ಲಿಗೆ ಚೊಂಬು ಹಿಡಿದು, ತುಂಬಿಸಿ, ದಡಕ್ಕನೆ ಮಡಕೆಗೆ ಸುರಿದ. ಕೊತಕೊತ ಸದ್ದು ಒಮ್ಮೆಲೇ ನಿಂತುಹೋಯಿತು.

ಒತೀಲಿಯಾ: ತಣ್ಣೀರು! ಕುದಿಯೋ ಕಾಳಿಗೆ ತಣ್ಣೀರು ಹೊಯ್ದ್ಯಾ! ಕಾಳು ಬೆದರಿಬಿಡುತ್ತೆ ಕಣೋ, ಇನ್ನು ಬೇಯಲ್ಲ ಅದು!

ಸಿಂದೊ: ಬೆದರೋಕೆ ಅದೇನು ಕುದುರೆನಾ?

ಒತೀಲಿಯಾ: ಮೊಂತೆರೇಲಿ ಹುಟ್ಟಿದೋನಿಗೆ ಇಷ್ಟೂ ಗೊತ್ತಿಲ್ವಾ? ಪಕ್ಕದ ಒಲೇಲಿ ಬಿಸಿನೀರು ಇಟ್ಕೊಂಡಿರ್ಬೇಕು ಅಂತ?

ಸಿಂದೊ: ನಿನಗೆ ಹೇಗೆ ಗೊತ್ತು? ನೀನು ಯಾವತ್ತು ಚಾರೋ ಕಾಳು ಮಾಡಿದ್ದೀಯ? ಅಮ್ಮ ನಿನ್ನ ಪಕ್ಕಕ್ಕೂ ಸೇರಿಸ್ತಿರ್ಲಿಲ್ಲ.

ಒತೀಲಿಯಾ ಕೊತ್ತಂಬರಿಯನ್ನು ಇನ್ನೂ ಜೋರಾಗಿ ಬಿಡಿಸತೊಡಗಿದಳು. ಅಷ್ಟರಲ್ಲಿ ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು. ದೊಮಿತಿಲಾ ಹೇಳಿದ್ದಕ್ಕಿಂತ ಒಂದು ಗಂಟೆ ಮೊದಲೇ ಬಂದಿದ್ದಳು. ಅಮ್ಮನ ಫೋಟೋದ ಮುಂದೆ ಶಿಲುಬೆಯ ಗುರುತು ಹಾಕಿ, ಸೀದಾ ಒಲೆಯ ಹತ್ತಿರ ನಡೆದು, ಚಮಚದಲ್ಲಿ ನಾಲ್ಕು ಕಾಳು ಬಾಯಿಗಿಟ್ಟುಕೊಂಡಳು. ಕಟಕ್ ಎಂದಿತು.

ದೊಮಿತಿಲಾ: ಸಿಂದೊ, ನನಗೆ ಉಳಿದಿರೋದೇ ಹನ್ನೊಂದು ಹಲ್ಲು.

ಸಿಂದೊ: ಇನ್ನೊಂಚೂರು ಬೇಯ್ಬೇಕು ಅಷ್ಟೇ ಅಕ್ಕಾ.

ದೊಮಿತಿಲಾ: ಬೇಯಿಸು, ಬೇಯಿಸು. ಅಮ್ಮನ ಎರಡನೇ ವರ್ಷದ ಪೂಜೆ ಹೊತ್ತಿಗೆ ಆಗುತ್ತೆ.

ಸಿಂದೊ: ರುಚಿ ಸರಿಯಾಗಿದೆ ತಾನೇ?

ದೊಮಿತಿಲಾ: ಕಲ್ಲಿಗೆ ಉಪ್ಪು ಹಾಕಿ ನೆಕ್ಕಿದ ಹಾಗಿದೆ. ಖಾಲಿ ಮಾಡಿ ಕೊಡು ಮಡಕೇನ. ಒತೀಲಿಯಾ, ಸುತ್ತೋಕೆ ಹಳೇ ಪೇಪರ್ ಇದ್ಯಾ?

ಸಿಂದೊ ಮಡಕೆಯ ಎರಡೂ ಕಿವಿ ಹಿಡಿದ. ಸುಟ್ಟಿತು, ಬಿಡಲಿಲ್ಲ. ಅವನ ಕಣ್ಣು ತುಂಬಿದ್ದು ಬಿಸಿಗೋ ದುಃಖಕ್ಕೋ ಹೇಳುವುದು ಕಷ್ಟ. ಒತೀಲಿಯಾ ಎದ್ದಳು. ಪೇಪರ್ ತರಲಿಲ್ಲ. ಹಿತ್ತಲ ಬಾಗಿಲಿನಿಂದ ಪಕ್ಕದ ಮನೆಗೆ ಹೋಗಿ, ಮುಚ್ಚಳ ಮುಚ್ಚಿದ ಒಂದು ಪಾತ್ರೆ ತಂದು, ಬಿಸಿ ಮಾಡಿ, ಬಟ್ಟಲಿಗೆ ಬಡಿಸಿ ದೊಮಿತಿಲಾಳ ಮುಂದಿಟ್ಟಳು.

ದೊಮಿತಿಲಾ ಬೇಡದ ಮನಸ್ಸಿನಿಂದ ಒಂದು ಚಮಚ ಬಾಯಿಗಿಟ್ಟಳು. ಚಮಚ ಬಾಯಲ್ಲೇ ಉಳಿಯಿತು.

ದೊಮಿತಿಲಾ: ಅಮ್ಮ! ಇದು ಅಮ್ಮನ ಕೈಯೇ!

ಸಿಂದೊ ಕಿತ್ತುಕೊಂಡು ತಿಂದ. ಅವನ ಮುಖ ಬಿಳುಚಿಕೊಂಡಿತು.

ಸಿಂದೊ: ಒತೀಲಿಯಾ... ಅಮ್ಮ ಫ್ರೀಜರಲ್ಲಿ ಇಟ್ಟು ಹೋಗಿದ್ಲಾ?

ಒತೀಲಿಯಾ: ಹೂಂ. ಹನ್ನೊಂದು ತಿಂಗಳಾದ್ರೂ ಕೊತ್ತಂಬರಿ ಎಷ್ಟು ಹಸಿರಾಗಿದೆ ನೋಡು.

ಸಿಂದೊ: ಮತ್ತೆ ಯಾರು ಮಾಡಿದ್ದು?

ಒತೀಲಿಯಾ: ನಾನು. ನಿನ್ನೆ ನೀನು ಬೇಸ್‌ಬಾಲ್ ನೋಡೋಕೆ ಹೋಗಿದ್ದಾಗ, ಪಕ್ಕದ ಮನೆ ಒಲೇಲಿ. ನೀನು ಮಾಡೋದು ಹೇಗಿರುತ್ತೆ ಅಂತ ಗೊತ್ತಿತ್ತಲ್ಲ.

ಸಿಂದೊ: ಹಾಗಾದ್ರೆ ಅಮ್ಮ ನಿನಗೆ ಹೇಳ್ಕೊಟ್ಟಿದ್ಲು!

ಒತೀಲಿಯಾ: ಹೇಳ್ಕೊಡ್ಲಿಲ್ಲ, ಮಾಡಿಸಿದ್ರು. ಈ ಮನೆಗೆ ಬಂದಾಗ್ಲೇ ಅತ್ತೆಗೆ ಬೆರಳು ಸರಿಯಾಗಿ ಮಡಿಸೋಕೆ ಆಗ್ತಿರ್ಲಿಲ್ಲ. ಹನ್ನೆರಡು ವರ್ಷ ನಾನೇ ಮಾಡಿದ್ದು. ನೀನು ಇಗರ್ಜಿಯಿಂದ ಬರೋ ಹೊತ್ತಿಗೆ ಅವರು ಏಪ್ರನ್ ಕಟ್ಟಿಸ್ಕೊಂಡು, ಸೌಟು ಹಿಡ್ಕೊಂಡು ನಿಲ್ತಿದ್ರು. "ನನ್ನ ಕೈಲಿ ಇನ್ನೇನೂ ಆಗಲ್ಲ ಅಂತ ಗೊತ್ತಾದ್ರೆ ಸಿಂದೊ ಕೊರಗ್ತಾನೆ, ಹೇಳ್ಬೇಡ" ಅಂತ ಆಣೆ ಹಾಕಿಸ್ಕೊಂಡಿದ್ರು. ಮಡಕೆ ಹೋಗೋ ಹಾಗಾಯ್ತಲ್ಲ ಅಂತ ಇವತ್ತು ಬಾಯಿಬಿಟ್ಟೆ.

ಸಿಂದೊ ಧೊಪ್ಪನೆ ಕೂತ. ಲೆಕ್ಕವಿಲ್ಲದಷ್ಟು ಭಾನುವಾರಗಳು ಅವನ ಕಣ್ಣ ಮುಂದೆ ಹಾದುಹೋದವು.

ಸಿಂದೊ: ಅಂದ್ರೆ ಪ್ರತಿ ಭಾನುವಾರ ನಾನು "ಒತೀಲಿಯಾ, ಅಮ್ಮನ್ನ ನೋಡಿ ಕಲಿ" ಅಂತಿದ್ದಿದ್ದು...

ಒತೀಲಿಯಾ: ಅತ್ತೆ ಹೌದು ಹೌದು ಅಂತ ತಲೆ ಆಡಿಸ್ತಿದ್ರು. ಅದೊಂದೇ ನನಗೆ ಸ್ವಲ್ಪ ಉರೀತಿತ್ತು.

ಸಿಂದೊ: ಆಯ್ತು, ಹನ್ನೆರಡು ವರ್ಷದ ಮಾತು ಬಿಡು. ಅದಕ್ಕೂ ಮುಂಚೆ? ನಾವು ಚಿಕ್ಕೋರಾಗಿದ್ದಾಗ? ಆಗ ಅಮ್ಮಾನೇ ಮಾಡ್ತಿದ್ದಿದ್ದು! ಅಕ್ಕಾ, ಹೇಳು ಇವಳಿಗೆ ಆ ರುಚಿ!

ಅಕ್ಕ ಎರಡನೇ ಬಟ್ಟಲು ಬಳಿಯುತ್ತಿದ್ದಳು.

ದೊಮಿತಿಲಾ: ಆ ರುಚಿನಾ? ನೀರು ಒಂದು ಕಡೆ, ಕಾಳು ಒಂದು ಕಡೆ. ಬಡಿಸೋ ಹೊತ್ತಿಗೆ ಸರಿಯಾಗಿ ಅಪ್ಪನಿಗೆ ಏನೋ ಕೆಲಸ ನೆನಪಾಗ್ತಿತ್ತು. ಎಪ್ಪತ್ತು ದಾಟಿದ್ಮೇಲೆ ಅಮ್ಮನ ಕೈ ಹೇಗೆ ಇಷ್ಟು ಕುದುರ್ತು ಅಂತ ನಾನೂ ಯೋಚನೆ ಮಾಡ್ತಾನೇ ಇದ್ದೆ.

ಯಾರೂ ಫೋಟೋದ ಕಡೆ ನೋಡಲಿಲ್ಲ. ದೊಮಿತಿಲಾ ಬಟ್ಟಲು ಕೆಳಗಿಟ್ಟು, ಊಟ ಇಲ್ಲೇ ಆಗಲಿ, ಮಡಕೆಯೂ ಇಲ್ಲೇ ಇರಲಿ ಎಂದು ತೀರ್ಪು ಕೊಟ್ಟಳು. ಸಿಂದೊ ಎದ್ದು ಬಂದು ಹೆಂಡತಿಯ ಎದುರು ನಿಂತ. ಮೂವತ್ತೊಂದು ವರ್ಷದಲ್ಲಿ ಅವನಿಗೆ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

ಸಿಂದೊ: ಮುದುಕಿ, ತಪ್ಪಾಯ್ತು. ಪೂಜೆ ದಿನ ನೆಂಟರ ಮುಂದೆ, ಎಲ್ಲರ ಎದುರಿಗೆ ನಿಂತು ಹೇಳ್ತೀನಿ. ಇದು ನನ್ನ ಹೆಂಡತಿ ಒತೀಲಿಯಾ ಮಾಡಿದ್ದು ಅಂತ.

ಒತೀಲಿಯಾ: ಅಯ್ಯಯ್ಯೋ, ಹಾಗೆಲ್ಲ ಮಾಡ್ಬೇಡ ಮಾರಾಯ!

ಸಿಂದೊ: ಯಾಕೆ? ಅಮ್ಮನ ಆಣೆ ಅಂತಾನಾ?

ಒತೀಲಿಯಾ: ಆಣೆ ಹಾಳಾಗ್ಲಿ. ವೆರಾಕ್ರೂಸ್‌ನೋಳು ಮಾಡಿದ್ದು ಅಂತ ಗೊತ್ತಾದ್ರೆ ನಿಮ್ಮ ಕಡೆಯೋರಿಗೆ ಒಬ್ಬರಿಗೂ ರುಚಿ ಹತ್ತಲ್ಲ. ಅಷ್ಟು ದೊಡ್ಡ ಮಡಕೆ ತುಂಬಾ ಕಾಳು, ಆಮೇಲೆ ನಾವಿಬ್ರೇ ಕೂತು ತಿನ್ಬೇಕಾಗುತ್ತೆ.