ಹಸಿರು ಸಾರ್ ಬಣ್ಣ ತೆಗೆದ ದಿನ

ಗ್ರಂಥಾಲಯದಲ್ಲಿ ಒಂದೇ ಒಂದು ಪುಸ್ತಕವೂ ಉಳಿದಿಲ್ಲ ಎಂಬ ಸುದ್ದಿಯನ್ನು ಬೆಳಿಗ್ಗೆ ಹತ್ತೂಕಾಲಿಗೆ ಹೊರಡಿಸಿದವರು ಪೇಪರ್ ತಾತ. ದಿನಾ ಬಂದು ಏಳು ಪತ್ರಿಕೆ ಓದಿ, ಎಂಟನೆಯದನ್ನು ಯಾಕೆ ತರಿಸುವುದಿಲ್ಲ ಎಂದು ಗದರಿಸಿ ಮನೆಗೆ ಹೋಗುವುದು ಅವರ ನಿವೃತ್ತ ಜೀವನದ ಉದ್ಯೋಗ.

“ಹಸಿರು ಸಾರ್! ಬನ್ರೀ ಇಲ್ಲಿ! ಇದ್ದಬದ್ದ ಪುಸ್ತಕಾನೆಲ್ಲ ಯಾರೋ ತಗೊಂಡು ಹೋಗಿದಾರೆ!”

ಹಸಿರು ಸಾರ್ ಓಡಿ ಬಂದರು. “ತಾತ, ನಿಮ್ಮ ಬೆನ್ನ ಹಿಂದೇನೇ ಕಪಾಟು ತುಂಬ ಪುಸ್ತಕ ಇದೆಯಲ್ಲ.”

“ಕಪಾಟು ಒಂದು ಹೇಳುತ್ತೆ, ಕಂಪ್ಯೂಟರ್ ಒಂದು ಹೇಳುತ್ತೆ. ನಾನು ಯಾರನ್ನ ನಂಬ್ಲಿ?”

ಪುಸ್ತಕ ಹುಡುಕುವ ಆ ಪ್ರೋಗ್ರಾಮನ್ನು ಇಪ್ಪತ್ತಾರು ವರ್ಷದ ಹಿಂದೆ ಬರೆದವರು ಹಸಿರು ಸಾರೇ. ಅದರಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ, ಬರೀ ಅಕ್ಷರ. ಆಗ ಪರದೆ ಎಂದರೆ ಕಪ್ಪು, ಆ ವಿಷಯದಲ್ಲಿ ಎರಡು ಮಾತಿರಲಿಲ್ಲ. ಅದಕ್ಕೆ ತಲೆಬರಹ, ಚೌಕಟ್ಟು ಮತ್ತು ಹೊರಗೆ ಹೋದ ಪುಸ್ತಕದ ಸಾಲುಗಳಿಗೆ ಗಿಣಿಹಸಿರು, ಕಪಾಟಿನಲ್ಲಿ ಇರುವ ಪುಸ್ತಕದ ಸಾಲುಗಳಿಗೆ ಬಿಳಿ ಎಂದು ಪ್ರೋಗ್ರಾಮಿನೊಳಗೇ ಬರೆದುಬಿಟ್ಟಿದ್ದರು. ಆ ಹಸಿರನ್ನು ಆರಿಸಲು ಮೂರು ದಿನ ಹಿಡಿದಿತ್ತು. ಅಂದಿನಿಂದ ಅವರ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿಯಿತು.

ಈಗ ತಾತನ ಪರದೆ ಹಾಲಿನಂತೆ ಬೆಳ್ಳಗಿತ್ತು. ಬಿಳಿಯ ಮೇಲೆ ಬಿಳಿ ಅಕ್ಷರ! ಕಪಾಟಿನಲ್ಲಿ ಇರುವ ಪುಸ್ತಕಗಳೆಲ್ಲ ಅದೃಶ್ಯವಾಗಿ, ಹೊರಗೆ ಹೋದವು ಮಾತ್ರ ಹಸಿರು ಹಸಿರಾಗಿ ನಗುತ್ತಿದ್ದವು.

“ಪರದೆ ಬಿಳಿ ಮಾಡಿದ್ದು ಯಾರು?”

“ನಾನು,” ಎಂದರು ಹೊಸ ಗ್ರಂಥಪಾಲಕಿ ಮೇಡಂ, ಕೋಣೆಯಿಂದ ಹೊರಬರುತ್ತ. “ನಿನ್ನೆ ಸಂಜೆ ಎಲ್ಲಾ ಕಂಪ್ಯೂಟರಲ್ಲೂ ಸೆಟ್ಟಿಂಗ್ ಬದಲಾಯಿಸ್ದೆ. ಕಪ್ಪು ನೋಡಿ ನೋಡಿ ಕಣ್ಣು ಬಾವಿಯೊಳಗೆ ಇಳಿದ ಹಾಗಾಗುತ್ತೆ. ಪರದೆ ಬಣ್ಣ ಬದಲಾದ್ರೆ ಅಕ್ಷರ ಓಡಿಹೋಗುತ್ತಾ? ಎಂಥ ಪ್ರೋಗ್ರಾಮ್ ರೀ ನಿಮ್ದು? ನಾಲ್ಕು ಗಂಟೆಗೆ ಇಲಾಖೆ ನಿರ್ದೇಶಕರು ಬರ್ತಾರೆ, ನೆನಪಿದೆ ತಾನೆ?”

ಮರೆಯಲು ಸಾಧ್ಯವೇ? ಈ ಹಳೆಯ ಪ್ರೋಗ್ರಾಮು ಇರಬೇಕೋ, ಕೊಂಡು ತಂದ ಹೊಸದು ಬರಬೇಕೋ ಎಂದು ನಿರ್ದೇಶಕರು ಇವತ್ತು ತೀರ್ಮಾನಿಸುವವರಿದ್ದರು. ಹೊಸದೂ ಅಕ್ಷರದ ಜಾತಿಯದೇ, ಇಲ್ಲಿನ ಮುದಿ ಯಂತ್ರಗಳಿಗೆ ಅದಕ್ಕಿಂತ ಹೆಚ್ಚು ಹೊರುವ ತ್ರಾಣವಿರಲಿಲ್ಲ. ಹೊಸದು ಬಂದರೆ ಹಸಿರು ಸಾರ್ ನೆಲಮಾಳಿಗೆಗೆ ಇಳಿದು, ನಿವೃತ್ತಿಯವರೆಗೆ ಹಳೆಯ ಪತ್ರಿಕೆಗಳ ಕಟ್ಟು ಕಟ್ಟಬೇಕು.

ಅವರು ಕುಳಿತು ಬಿಳಿ ಅಕ್ಷರಗಳನ್ನು ಕಪ್ಪು ಮಾಡಿದರು. ತಾತನ ಪರದೆಯಲ್ಲಿ ಪುಸ್ತಕಗಳು ಮರಳಿ ಬಂದವು. ಸಮಾಧಾನದ ಉಸಿರು ಅರ್ಧ ಹೊರಬಂದಿತ್ತು, ಅಷ್ಟರಲ್ಲಿ ಕೌಂಟರಿನಿಂದ ಕೂಗು ಕೇಳಿತು.

“ಹಸಿರು ಸಾರ್, ನನ್ನ ಪುಸ್ತಕ ಎಲ್ಲಾ ಹೋಯ್ತು!”

ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಕೌಂಟರ್ ಅಕ್ಕ ಬೆಳಿಗ್ಗೆ ಬಂದವರೇ ತಮ್ಮ ಪರದೆಯನ್ನು ಮತ್ತೆ ಕಪ್ಪು ಮಾಡಿಕೊಂಡಿದ್ದರು. “ಮೇಡಮ್ಮಿಗೆ ಕಣ್ಣು ನೋವು, ನನಗೆ ಬಿಳಿ ಕಂಡ್ರೆ ತಲೆನೋವು. ನನ್ನ ತಲೆ ತಲೆಯಲ್ವಾ?”

ಕಪ್ಪಿನ ಮೇಲೂ ಬಿಳಿಯ ಮೇಲೂ ಕಾಣುವ ಬಣ್ಣ ಯಾವುದು? ಯೋಚಿಸಿ ಯೋಚಿಸಿ ಹಸಿರು ಸಾರ್ ನೀಲಿ ಹಾಕಿದರು. ಮೇಡಂ ಒಪ್ಪಿದರು. ಅಕ್ಕ ಮೂಗನ್ನು ಪರದೆಗೆ ತಾಗಿಸಿ, “ಹೂಂ, ಇದೆ ಅಂತ ಗೊತ್ತಿದ್ರೆ ಕಾಣುತ್ತೆ,” ಎಂದರು.

“ಮತ್ತೆ ಹೋಯ್ತು!” ಎಂದರು ಪೇಪರ್ ತಾತ. ಈ ಗದ್ದಲದಲ್ಲಿ ಪರದೆಯ ಬಣ್ಣ ಬದಲಾಯಿಸುವುದು ಹೇಗೆಂದು ಅವರೂ ಕಲಿತಿದ್ದರು. ತಂಪಾಗಿರಲಿ ಎಂದು ನೀಲಿ ಮಾಡಿಕೊಂಡಿದ್ದರು.

“ತಾತ, ನಿಮಗ್ಯಾಕೆ ಬೇಕಿತ್ತು?”

“ಎಲ್ಲರಿಗೂ ಒಂದೊಂದು ಬಣ್ಣ, ನಾನೇನು ಪಾಪ ಮಾಡಿದ್ದೆ?”

ಹಸಿರು ಸಾರ್ ಹಲ್ಲು ಕಚ್ಚಿದರು. ಯಾರು ಏನಾದರೂ ಮಾಡಿಕೊಳ್ಳಲಿ ಎಂದು, ಅಕ್ಷರಗಳಿಗೆ ಮತ್ತೆ ಬಿಳಿ ಹಾಕಿ, ಪ್ರತಿ ಅಕ್ಷರದ ಹಿಂದೆಯೂ ತಾವೇ ಕಪ್ಪು ಬಳಿದರು. ಅಕ್ಷರವೇನೋ ಎಲ್ಲರಿಗೂ ಕಂಡಿತು. ಆದರೆ ಮೇಡಂ ಪರದೆಯಲ್ಲಿ ಅಕ್ಷರ ಇದ್ದ ಕಡೆ ಕಪ್ಪು ಪಟ್ಟಿ, ಇಲ್ಲದ ಕಡೆ ಬಿಳಿ ಪಟ್ಟಿ.

ಮೇಡಂ ತಲೆ ವಾರೆ ಮಾಡಿ ನೋಡಿದರು. “ಗ್ರಂಥಾಲಯಕ್ಕೆ ಪಟ್ಟೆ ಪೈಜಾಮ ತೊಡಿಸಿದೀರಲ್ರೀ.”

ಗಂಟೆ ಎರಡಾಗಿತ್ತು. ಹಸಿರು ಸಾರ್ ಹಿಂದಿನ ಕೋಣೆಗೆ ಹೋಗಿ ಕುಳಿತರು. ಅಲ್ಲಿ ಪುಸ್ತಕಗಳ ವಿವರದ ಕಾರ್ಡುಗಳನ್ನು ಇಡುತ್ತಿದ್ದ ಹಳೆಯ ಬೀರು ಇತ್ತು. ಅರವತ್ತು ಪುಟ್ಟ ಸೆಳೆಖಾನೆಗಳು, ಹಿತ್ತಾಳೆಯ ಹಿಡಿಗಳು. ಒಂದು ಕಾಲದಲ್ಲಿ ಆ ಸೆಳೆಖಾನೆಗಳಲ್ಲಿದ್ದ ಒಂದೊಂದು ಕಾರ್ಡನ್ನೂ ಅಕ್ಕ ಗಟ್ಟಿಯಾಗಿ ಓದುತ್ತಿದ್ದರು, ಇವರು ಟೈಪು ಮಾಡುತ್ತಿದ್ದರು. ಹದಿನಾಲ್ಕು ತಿಂಗಳು ಹಿಡಿಯಿತು. ಅಕ್ಕನ ದನಿ ಕೂತುಹೋದ ದಿನ ಆಗಿನ ಗ್ರಂಥಪಾಲಕರಾದ ದೊಡ್ಡ ಸಾರೇ ಬಂದು ಓದಿದ್ದರು. ಮೊದಲ ಸಲ ಹೊರಗೆ ಹೋದ ಒಂದು ಪುಸ್ತಕದ ಹೆಸರು ಹಸಿರಾಗಿ ಮೂಡಿದಾಗ ದೊಡ್ಡ ಸಾರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, “ಚಿಗುರಿತಲ್ಲಯ್ಯಾ!” ಎಂದಿದ್ದರು. ಆ ಒಂದು ಮಾತಿನ ಮೇಲೆ ಹಸಿರು ಸಾರ್ ಇಪ್ಪತ್ತಾರು ವರ್ಷ ಬದುಕಿದ್ದರು.

ಈಗ ಆ ಸೆಳೆಖಾನೆಗಳಲ್ಲಿ ಬೈಂಡರನ ದಾರದ ಉಂಡೆಗಳಿದ್ದವು. ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರ್ ಅಲ್ಲೇ ಮೂಲೆಯಲ್ಲಿ ಕುಳಿತು ಒಂದು ಹಳದಿ ಹಾಳೆಗೆ ತೇಪೆ ಹಚ್ಚುತ್ತಿದ್ದ.

“ಏನ್ ಸಾರ್, ಮುಖ ಅಂಟು ಆರಿದ ಹಾಗಿದೆ?”

ಹಸಿರು ಸಾರ್ ಹೇಳಿಕೊಂಡರು. ಬೈಂಡರ್ ತಲೆ ಎತ್ತದೆ ಕೇಳಿದ. “ನೋಡಿ ಸಾರ್, ಹಳದಿ ಹಾಳೆ ಹರಿದ್ರೆ ನಾನು ಹಳದಿ ಚೂರೇ ಹುಡುಕ್ತೀನಿ. ಬಿಳಿದಾದ್ರೆ ಬಿಳಿ. ಹಾಳೆ ಯಾವ ಬಣ್ಣ ಇದೆಯೋ ಅದೇ ನನ್ನ ಬಣ್ಣ. ನಂದೇ ಬಣ್ಣ ಹಚ್ತೀನಿ ಅಂತ ಹೊರಟ್ರೆ ಪುಸ್ತಕ ಓದೋಕಾಗುತ್ತಾ? ನೀವ್ಯಾಕೆ ಸಾರ್ ನಿಮ್ಮ ಬಣ್ಣ ಹಿಡ್ಕೊಂಡು ಜಗ್ತಿದೀರಿ?”

ಹಸಿರು ಸಾರ್ ಎದ್ದರು. ಪ್ರೋಗ್ರಾಮಿನಲ್ಲಿ ಬಣ್ಣದ ಹನ್ನೊಂದು ಸಾಲುಗಳಿದ್ದವು. ಒಂದೊಂದಾಗಿ ಅಳಿಸಿದರು. ಬಣ್ಣದ ಬದಲು ಪ್ರತಿ ಪುಸ್ತಕದ ಮುಂದೆ ‘ಇದೆ’, ‘ಹೋಗಿದೆ’ ಎಂಬ ಮಾತು ಹಾಕಿದರು. ಇನ್ನು ಪ್ರೋಗ್ರಾಮಿಗೆ ಸ್ವಂತ ಬಣ್ಣವೇ ಇಲ್ಲ, ಆಯಾ ಪರದೆಯ ಸೆಟ್ಟಿಂಗಿನಲ್ಲಿ ಏನಿದೆಯೋ ಅದೇ ಅದರ ಬಣ್ಣ. ಹನ್ನೊಂದನೆಯದು ಗಿಣಿಹಸಿರಿನ ಸಾಲು. ಅದರ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಕಣ್ಣು ಮುಚ್ಚಿ ಒತ್ತಿಬಿಟ್ಟರು.

ಮೇಡಮ್ಮಿಗೆ ಬಿಳಿಯ ಮೇಲೆ ಕಪ್ಪು. ಅಕ್ಕನಿಗೆ ಕಪ್ಪಿನ ಮೇಲೆ ಬಿಳಿ. ತಾತನಿಗೆ ನೀಲಿಯ ಮೇಲೆ ಹಳದಿ, ಯಾಕೋ ಅವರಿಗದು ಇಷ್ಟ. ಎಲ್ಲೆಲ್ಲೂ ಪುಸ್ತಕಗಳು ಸ್ಪಷ್ಟವಾಗಿ ಕಂಡವು.

“ಈಗ ಸರಿ,” ಎಂದರು ಮೇಡಂ.

“ಇನ್ನು ನಿಮ್ಮನ್ನ ಏನಂತ ಕರೆಯೋದು?” ಎಂದರು ಅಕ್ಕ, ಮೆಲ್ಲಗೆ.

ನಾಲ್ಕಕ್ಕೆ ಸರಿಯಾಗಿ ನಿರ್ದೇಶಕರು ಬಂದರು. ಐವತ್ತರ ಅಂಚಿನ ಮನುಷ್ಯ, ಕೈಯಲ್ಲಿ ಕಡತ. ಮೇಡಂ ಕುರ್ಚಿ ತೋರಿಸಿದರೂ ಕೂರದೆ, ನೆಟ್ಟಗೆ ಕಿಟಕಿ ಪಕ್ಕದ ಕಂಪ್ಯೂಟರಿಗೆ ಹೋದರು. ಒಂದು ಹೆಸರು ಹುಡುಕಿದರು. ಪುಸ್ತಕ ಸಿಕ್ಕಿತು. ಅವರ ಮುಖ ಬಾಡಿತು.

“ಹಸಿರು ಎಲ್ಲಿ?”

“ಸಾರ್?” ಎಂದರು ಹಸಿರು ಸಾರ್, ತಮ್ಮನ್ನೇ ಕೇಳಿದರೇನೋ ಎಂದು.

“ಹಸಿರು ಅಕ್ಷರ ರೀ! ಕೆಲಸ ಇಲ್ಲದಾಗ ಎರಡು ವರ್ಷ ಇದೇ ಜಾಗದಲ್ಲಿ ಕೂತು ಓದಿದೀನಿ. ಹೊರಗೆ ಯಾರೂ ಮಾತಾಡಿಸ್ತಿರಲಿಲ್ಲ, ಇಲ್ಲಿ ಈ ಹಸಿರು ಚೌಕಟ್ಟು ‘ಬಾ’ ಅನ್ನೋದು. ಹೊಸದು ಬೇಡ, ಇದನ್ನೇ ಉಳಿಸಿ ಅಂತ ಆದೇಶ ಬರ್ಕೊಂಡೇ ಬಂದಿದ್ದೆ.” ಅವರು ಕಡತದ ಮೇಲೆ ತಟ್ಟಿದರು. “ಇದು ನೋಡಿದ್ರೆ ಎಲ್ಲಾ ಕಡೆ ಇರೋ ಥರಾನೇ ಇದೆ.”

ಮೇಡಂ ಹಸಿರು ಸಾರನ್ನು ನೋಡಿದರು. ಅಕ್ಕ ನೋಡಿದರು. ತಾತ ಪತ್ರಿಕೆ ಇಳಿಸಿ ನೋಡಿದರು.

“ಒಂದೇ ನಿಮಿಷ ಸಾರ್!” ಹಸಿರು ಸಾರ್ ಪರದೆಯ ಸೆಟ್ಟಿಂಗ್ ತೆರೆದು, ಹಿನ್ನೆಲೆಗೆ ಕಪ್ಪು, ಅಕ್ಷರಕ್ಕೆ ಗಿಣಿಹಸಿರು ಇಟ್ಟರು. ಇಡೀ ಪರದೆ ಚಿಗುರಿತು.

“ಇದೇ!” ನಿರ್ದೇಶಕರು ಕುರ್ಚಿ ಎಳೆದು ಕೂತರು. ಕಡತ ತೆರೆದು ಪೆನ್ನು ತೆಗೆದರು. “ಹೇಗೆ ತಂದ್ರಿ?”

ಅಲ್ಲಿಗೆ ಬಾಯಿ ಮುಚ್ಚಬಹುದಿತ್ತು. ಆದರೆ ಇಡೀ ದಿನ ಒದ್ದಾಡಿ ಕಲಿತ ಪಾಠ ಹೊಟ್ಟೆಯಲ್ಲಿ ನಿಲ್ಲಲಿಲ್ಲ.

“ಅದೇ ಸಾರ್ ಇದರ ಹೆಚ್ಚುಗಾರಿಕೆ! ಬಣ್ಣ ಪ್ರೋಗ್ರಾಮಿಂದು ಅಲ್ಲವೇ ಅಲ್ಲ, ಪರದೆಯದು. ತಾನಾಗಿ ಬಣ್ಣ ಬಳ್ಕೊಳ್ಳದ ಯಾವ ಪ್ರೋಗ್ರಾಮಾದ್ರೂ ಇಲ್ಲಿ ಹೀಗೇ ಹಸಿರಾಗಿ ಕಾಣುತ್ತೆ.”

“ಯಾವುದಾದ್ರೂ?” ನಿರ್ದೇಶಕರ ಪೆನ್ನು ನಿಂತಿತು. “ಹೊಸದು?”

ಹಸಿರು ಸಾರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. “ಹೊಸದೂ... ಹಾಗೇ ಬರೆದಿದಾರೆ ಸಾರ್. ನಾನು ನೋಡಿದೀನಿ.”

ನಿರ್ದೇಶಕರು ಬರೆದು ತಂದಿದ್ದ ಆದೇಶದ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು, ಬೇರೆ ಹಾಳೆಯಲ್ಲಿ ಬರೆಯತೊಡಗಿದರು. ಹೊಸ ಪ್ರೋಗ್ರಾಮನ್ನು ಕೂಡಲೇ ಅಳವಡಿಸತಕ್ಕದ್ದು. ಹಳೆಯ ನೆನಪಿಗಾಗಿ ಎಲ್ಲ ಪರದೆಗಳಲ್ಲೂ ಹಸಿರನ್ನು ಕಾಯಂ ಉಳಿಸತಕ್ಕದ್ದು. ಇದನ್ನು ಬಲ್ಲ ನೌಕರರು ನಾಳೆಯಿಂದ ನೆಲಮಾಳಿಗೆಯಲ್ಲಿ ಕೆಲಸ ಮಾಡುತ್ತ, ದಿನಾ ಬೆಳಿಗ್ಗೆ ಒಮ್ಮೆ ಮೇಲೆ ಬಂದು ಬಣ್ಣ ಸರಿಯಿದೆಯೇ ಎಂದು ನೋಡಿಹೋಗತಕ್ಕದ್ದು.

ಐದೂವರೆಗೆ ಹಸಿರು ಸಾರ್ ಒಂದೊಂದೇ ಪರದೆಯನ್ನು ಹಸಿರು ಮಾಡುತ್ತ ಬಂದರು. ಮೇಡಂ ಕಣ್ಣುಜ್ಜಿಕೊಂಡರು. ಅಕ್ಕ ತಮ್ಮ ಚಹಾವನ್ನು ಅವರ ಕಡೆ ಸರಿಸಿದರು. ತಾತ ಮಾತ್ರ ತಮ್ಮ ನೀಲಿಯನ್ನು ಬಿಟ್ಟುಕೊಡದೆ ಎರಡೂ ಕೈಯಿಂದ ಪರದೆ ಮುಚ್ಚಿ ಕುಳಿತಿದ್ದರು.

ಬೈಂಡರ್ ಹೊರಗೆ ಹೋಗುತ್ತ ಬಾಗಿಲಲ್ಲಿ ನಿಂತ.

“ಹೋಗ್ಲಿ ಬಿಡಿ, ಹಸಿರು ಸಾರ್. ಹೆಸರಾದ್ರೂ ಉಳೀತಲ್ಲ.”